ಶಿಫಾರಸು ಪತ್ರವೋ, ಟೆಸ್ಟಿಮೋನಿಯಲ್ಲೋ?

ಹಳೆಯ ಬಾಸ್ ಹತ್ತಿರ ಏನು ಬರೆಸಿಕೊಳ್ಳಲಿ ಅಂತ ಕೇಳಿದ್ದೀರಿ. ಟೆಸ್ಟಿಮೋನಿಯಲ್ ಪದದ ಬೇರು ಲ್ಯಾಟಿನ್ನಿನದು, ಅರ್ಥ ಸಾಕ್ಷಿ. ಈಗ ಅದೊಂದೇ ಪದ ಮೂರು ಕಡೆ ಓಡಾಡುತ್ತದೆ: ಶಿಫಾರಸು ಪತ್ರಕ್ಕೆ, ಗ್ರಾಹಕರ ಮೆಚ್ಚುಗೆಯ ಸಾಲಿಗೆ, ಗೌರವದ ಮಾತಿಗೆ. ಗೊಂದಲ ಆಗೋದು ಅಲ್ಲೇ.

ಕೆಲಸಕ್ಕೋ ಓದಿಗೋ ಅರ್ಜಿ ಹಾಕುತ್ತಿದ್ದರೆ ಶಿಫಾರಸು ಪತ್ರವೇ ಸರಿ. ಬರೆಯುವವರ ಸಮಯ ಜಾಸ್ತಿ ತಿನ್ನುತ್ತದೆ, ಬೇಗ ಹಳತೂ ಆಗುತ್ತದೆ, ಆದರೆ ತೂಕ ಇರುತ್ತದೆ, ಯಾಕೆಂದರೆ ಎಷ್ಟೋ ಸಲ ಅದು ನಿಮ್ಮ ಕೈಗೆ ಬರದೆ ನೇರವಾಗಿ ನೀವು ಅರ್ಜಿ ಹಾಕಿದ ಕಡೆಗೇ ಹೋಗುತ್ತದೆ.

ಸ್ವಂತ ಕೆಲಸ ಶುರು ಮಾಡುತ್ತಿದ್ದರೆ ಗ್ರಾಹಕರ ನಾಲ್ಕು ಸಾಲು ಸಾಕು. ಕೇಳೋದು ಸುಲಭ, ವರ್ಷಗಟ್ಟಲೆ ಬಳಸಬಹುದು. ಆದರೆ "ತುಂಬಾ ಚೆನ್ನಾಗಿತ್ತು" ಅಂತ ಬರೆಸಿಕೊಂಡರೆ ಸುಮ್ನೆ ದಂಡ. "ಎರಡು ಸಲ ತಿದ್ದಿಸಿದೆ, ಆದರೂ ಹೇಳಿದ ದಿನಕ್ಕೇ ಕೊಟ್ಟರು" ಅಂತಿದ್ದರೆ ನಂಬಿಕೆ ಬರುತ್ತದೆ, ಅಲ್ವಾ? ಗ್ರಾಹಕರ ಹೆಸರು ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಿ. ದುಡ್ಡು ಕೊಟ್ಟು ಬರೆಸಿದ್ದನ್ನು ಮುಚ್ಚಿಡಬೇಡಿ.

ಮೂರನೆಯದು ಗೌರವದ ಮಾತು. ಬ್ರಿಟನ್ನಿನ ಫುಟ್‌ಬಾಲ್‌ನಲ್ಲಿ ಒಂದೇ ಕ್ಲಬ್‌ಗೆ 10 ವರ್ಷ ಆಡಿದವರ ಗೌರವಕ್ಕಾಗಿ ಟೆಸ್ಟಿಮೋನಿಯಲ್ ಪಂದ್ಯ ಆಡಿಸುವ ರೂಢಿ ಇತ್ತು, ಅದೂ ಇದೇ ಅರ್ಥದಲ್ಲಿ. ನಿವೃತ್ತರಾಗುವವರಿಗೆ ಇಂಥದ್ದು ಚೆಂದ. ಅರ್ಜಿಯ ಜೊತೆ ಇಟ್ಟರೆ ಮಾತ್ರ ಯಾರೂ ಓದುವುದಿಲ್ಲ.