ಸ್ಕ್ರಾಪ್‌ಬುಕ್ ಬಿಗಿನರ್ಸ್ ಕಿಟ್: ಕಾರವಾರದ ಮಳೆಗಾಲ ಕಂಡ ಮೇಲೆ ಬರೆದ ವಿಮರ್ಶೆ

ಸ್ಕ್ರಾಪ್‌ಬುಕ್ ಎಂದರೆ ಫೋಟೊ, ಚೀಟಿ, ಬರಹಗಳನ್ನು ಅಂಟಿಸಿ ಅಲಂಕರಿಸಿ ನಾವೇ ಮಾಡಿಕೊಳ್ಳುವ ನೆನಪಿನ ಆಲ್ಬಮ್. ಅದರ ಸಾಮಾನಿನ ವಿಮರ್ಶೆಯನ್ನು ಹೆಚ್ಚಿನವರು ಪೆಟ್ಟಿಗೆ ಬಿಚ್ಚಿದ ದಿನವೇ ಬರೆದುಬಿಡುತ್ತಾರೆ. ಹಾಳೆ ಚೆನ್ನಾಗಿದೆ, ಸ್ಟಿಕರ್ ಮುದ್ದಾಗಿವೆ, ಐದು ಸ್ಟಾರ್. ಒಣ ಹವೆಯ ಊರಿನವರಿಗೆ ಅಷ್ಟು ಸಾಕಾದೀತು. ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು, ಮದುವೆ ಆಲ್ಬಮ್ಮಿಗೂ ಬೂಷ್ಟು. ಇಲ್ಲಿ ಕಾಗದ, ಅಂಟು, ಶಾಯಿಯ ಯೋಗ್ಯತೆ ತಿಳಿಯುವುದು ಮಳೆ ನಿಂತ ಮೇಲೆ. ನನ್ನ ಕಿಟ್ ಒಂದಕ್ಕಿಂತ ಹೆಚ್ಚು ಮಳೆಗಾಲ ದಾಟಿದೆ. ಹಾಗಾಗಿ ಈಗ ಬರೆಯುತ್ತಿದ್ದೇನೆ.

ತರಿಸಿದ್ದು ಆನ್‌ಲೈನ್‌ನಲ್ಲಿ ಬಿಗಿನರ್ಸ್ ಕಿಟ್ ಎಂದು ಮಾರುವ ಪೆಟ್ಟಿಗೆ, ಬೆಲೆ ಸಾವಿರದೈನೂರರ ಆಸುಪಾಸು. ಕಂಪನಿ ಹೆಸರು ಬರೆಯುತ್ತಿಲ್ಲ, ಏಕೆಂದರೆ ಹೆಚ್ಚುಕಡಿಮೆ ಇದೇ ಸಾಮಾನು ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ. ಒಳಗಿದ್ದದ್ದು 12 ಇಂಚು ಚೌಕದ ಸ್ಕ್ರೂ ಆಲ್ಬಮ್, ಕಪ್ಪು, ಕಂದು ಮತ್ತು ಕೆನೆ ಬಣ್ಣದ ಕಾರ್ಡ್‌ಸ್ಟಾಕ್ ಎಂಬ ದಪ್ಪ ಹಾಳೆ, ಚಿತ್ತಾರದ ಹಾಳೆಗಳ ಒಂದು ಕಟ್ಟು, ವಾಶಿ ಟೇಪ್ (ಚಿತ್ತಾರದ ಕಾಗದದ ಟೇಪ್), ಗ್ಲೂ ಸ್ಟಿಕ್, ಡಬಲ್ ಸೈಡ್ ಟೇಪ್, ಫೋಟೊದ ತುದಿ ಸಿಕ್ಕಿಸುವ ಕಾಗದದ ಫೋಟೊ ಮೂಲೆಗಳು, ಬಿಳಿ ಮತ್ತು ಬಂಗಾರದ ಬಣ್ಣದ ಜೆಲ್ ಪೆನ್, ಲೋಹದ ಬ್ರಾಡ್‌ಗಳು (ತೂರಿಸಿ ಹಿಂದೆ ಕಾಲು ಅಗಲಿಸುವ ಪಿನ್ನುಗಳು), ಪುಟ್ಟ ಪೇಪರ್ ಟ್ರಿಮ್ಮರ್, ಮತ್ತೆ ರಾಶಿ ಸ್ಟಿಕರ್. ನಾನು ಇದಕ್ಕೆ ಕೈಹಾಕಿದ್ದು ಶಿರಸಿ ಬದಿಯ ತವರುಮನೆಯ ಟ್ರಂಕಿನಲ್ಲಿದ್ದ ಫೋಟೊಗಳಿಗಾಗಿ. ಅವಕ್ಕೆ ಎರಡನೇ ಪ್ರತಿ ಇಲ್ಲ, ನೆಗೆಟಿವ್ ಇಲ್ಲ. ಆದ್ದರಿಂದ ಅಂದಕ್ಕಿಂತ ಬಾಳಿಕೆಗೆ ಹೆಚ್ಚು ಅಂಕ ಕೊಟ್ಟಿದ್ದೇನೆ.

ಮೊದಲು ಆಲ್ಬಮ್. ಇಡೀ ಕಿಟ್‌ನಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಬಂದದ್ದು ಇದರಿಂದ. ಸ್ಪೈರಲ್ ಬೈಂಡಿಂಗ್‌ನಲ್ಲಿ ಹಾಳೆ ಎಷ್ಟಿದೆಯೋ ಅಷ್ಟೇ. ಸ್ಕ್ರೂ ಆಲ್ಬಮ್‌ನಲ್ಲಿ ಬೇಕಾದಲ್ಲಿ ಬಿಚ್ಚಿ ಹಾಳೆ ಸೇರಿಸಬಹುದು, ದಪ್ಪವಾದರೆ ಉದ್ದದ ಸ್ಕ್ರೂ ಹಾಕಬಹುದು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವಂಥದ್ದು. ಹೊಸ ಜಾತ್ರೆಯ ಫೋಟೊ ಹಿಂದಿನ ಜಾತ್ರೆಯ ಪುಟದ ಬೆನ್ನಿಗೇ ಹೋಗಬೇಕು, ಆಲ್ಬಮ್ಮಿನ ಕೊನೆಗಲ್ಲ. ಆ ಅನುಕೂಲ ಇದರಲ್ಲಿದೆ. ಸ್ಕ್ರೂ ಅಲ್ಯೂಮಿನಿಯಂನದ್ದು, ತುಕ್ಕಿನ ಸುಳಿವಿಲ್ಲ. ಅಳತೆಯ ವಿಷಯಕ್ಕೆ ಬಂದರೆ, 12 ಇಂಚು ಈ ಹವ್ಯಾಸದ ರೂಢಿಯ ಅಳತೆ. ಒಂದು ಪುಟದಲ್ಲಿ ಮೂರು ನಾಲ್ಕು ಫೋಟೊ ಹಿಡಿಸುತ್ತದೆ, ಬದಲಿ ಹಾಳೆಗಳೂ ಸಿಗುತ್ತವೆ. ಆದರೆ ಮನೆಯ ಎ4 ಪ್ರಿಂಟರ್‌ನಲ್ಲಿ ಈ ಹಾಳೆ ಹೋಗುವುದಿಲ್ಲ, ಸಾಧಾರಣ ಪುಸ್ತಕದ ಕಪಾಟಿನಲ್ಲಿ ನೆಟ್ಟಗೆ ನಿಲ್ಲುವುದೂ ಇಲ್ಲ. ಮಗುವಿನ ಒಂದು ವರ್ಷ, ಒಂದು ಪ್ರವಾಸ ಎಂದು ಸಣ್ಣದಾಗಿ ಶುರುಮಾಡುವವರಿಗೆ 8 ಇಂಚಿನದ್ದೇ ಒಳ್ಳೆಯದು. ಪುಟಕ್ಕೊಂದು 4x6 ಫೋಟೊ ಅಂಟಿಸಿ ನಾಲ್ಕು ಸಾಲು ಬರೆಯಲು ಜಾಗ ಉಳಿಯುತ್ತದೆ.

ಕಾಗದದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚು ಹಣ ಕಳೆಯುವುದೂ ಇಲ್ಲೇ, ಫೋಟೊ ಕಳೆದುಕೊಳ್ಳುವುದೂ ಇಲ್ಲೇ. ಮರದ ತಿರುಳಿನಲ್ಲಿರುವ ಲಿಗ್ನಿನ್ ತೆಗೆಯದೆ ಮಾಡಿದ ಕಾಗದ ಬೆಳಕಿಗೆ, ಗಾಳಿಗೆ ಹಳದಿಯಾಗುತ್ತದೆ. ಅದರ ಆಮ್ಲ ತಾಗಿಕೊಂಡಿರುವ ಫೋಟೊಕ್ಕೂ ಇಳಿಯುತ್ತದೆ. ನ್ಯೂಸ್‌ಪ್ರಿಂಟ್ ಇದಕ್ಕೆ ಕಣ್ಣೆದುರಿನ ಉದಾಹರಣೆ. ಹಾಗಾಗಿ ಹಾಳೆಯ ಕಟ್ಟಿನ ಮೇಲೆ ಆ್ಯಸಿಡ್ ಫ್ರೀ, ಲಿಗ್ನಿನ್ ಫ್ರೀ ಎಂಬ ಎರಡೂ ಮಾತು ಇದೆಯೇ ಎಂದು ನೋಡಬೇಕು. ದಪ್ಪ 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ) ಕಡಿಮೆ ಇದ್ದರೆ ಎರಡು ಫೋಟೊದ ಭಾರಕ್ಕೇ ಹಾಳೆ ಬಾಗುತ್ತದೆ. ನನ್ನ ಕಿಟ್‌ನ ಪೆಟ್ಟಿಗೆ ಮೇಲೆ ಆ್ಯಸಿಡ್ ಫ್ರೀ ಎಂದು ಅಚ್ಚಾಗಿತ್ತು. ಆಮ್ಲ ಪರೀಕ್ಷಿಸುವ ಪಿಎಚ್ ಪೆನ್ ತರಿಸಿ ನೋಡಿದೆ. ಇದರಲ್ಲಿ ಗೀಚಿದ ಗೆರೆ ನೇರಳೆಯಾದರೆ ಹಾಳೆ ಸುರಕ್ಷಿತ, ಹಳದಿಯಾದರೆ ಆಮ್ಲ ಇದೆ ಎಂದರ್ಥ. ತಿಳಿ ಬಣ್ಣದ ಹಾಳೆಗಳು ನೇರಳೆಯಾದವು. ಚಿತ್ತಾರದ ಹಾಳೆಗಳ ಹಿಂಬದಿ ಹಳದಿಯಾಯಿತು. ಅವನ್ನು ಫೋಟೊಕ್ಕೆ ತಾಗಿಸದೆ, ಶೀರ್ಷಿಕೆ ಪಟ್ಟಿ ಕತ್ತರಿಸಲಷ್ಟೇ ಬಳಸುತ್ತೇನೆ.

ಕಪ್ಪು ಹಾಳೆಯ ಮೇಲೆ ಪಿಎಚ್ ಪೆನ್ ಕಾಣಿಸುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. ಹತ್ತಿಯುಂಡೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹಾಳೆಯ ಮೂಲೆಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ಬೆಳ್ಳಗೇ ಉಳಿದರೆ ಸರಿ. ನನ್ನದರಲ್ಲಿ ಹತ್ತಿಯ ಅಂಚಿಗೆ ಬೂದುಬಣ್ಣದ ಉಂಗುರ ಮೂಡಿತು. ಒಂದು ನಿಮಿಷದ ತೇವಕ್ಕೆ ಇಷ್ಟು ಬಣ್ಣ ಬಿಡುವ ಹಾಳೆ ಇಡೀ ಆಷಾಢದಲ್ಲಿ ಫೋಟೊದ ಬಿಳಿ ಅಂಚನ್ನು ಏನು ಮಾಡೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಕಪ್ಪು-ಬಿಳುಪು ಫೋಟೊ ಕಪ್ಪು ಹಾಳೆಯ ಮೇಲೆ ಎಷ್ಟು ಚಂದ ಕಂಡರೂ ಆ ಹಾಳೆಗಳನ್ನು ಪಕ್ಕಕ್ಕಿಟ್ಟು ಕಂದು ಮತ್ತು ಕೆನೆ ಬಣ್ಣದವನ್ನೇ ಬಳಸಿದೆ.

ಅಂಟಿಗೆ ಬಂದರೆ, ಡಬಲ್ ಸೈಡ್ ಟೇಪ್ ಹೊಸ ಪ್ರಿಂಟ್‌ಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಗ್ಲೂ ಸ್ಟಿಕ್ ಹಾಕಿದ ಅಂಚುಗಳು ಮಳೆಯಲ್ಲಿ ಎದ್ದುಬಂದವು. ವಾಶಿ ಟೇಪ್ ಅಲಂಕಾರಕ್ಕೆ ಮಾತ್ರ. ಅದರ ಅಂಟೇ ಮೆದು, ತೆಗೆದು ಮತ್ತೆ ಹಚ್ಚಲೆಂದು ಮಾಡಿದ್ದು. ಭಾರ ಹೊರುವ ಕೆಲಸ ಕೊಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ನೀರಿನಂಶದ ಬಿಳಿ ಅಂಟನ್ನು ದೊಡ್ಡ ಹಾಳೆಗೆ ಸವರಿದರೆ ಕಾಗದ ಉಬ್ಬಿ ನೆರಿಗೆಯಾಗುತ್ತದೆ, ಸಣ್ಣ ಅಲಂಕಾರಕ್ಕೆ ಚುಕ್ಕಿಯಿಟ್ಟರೆ ಸಾಕು. ಸೆಲೊ ಟೇಪ್ ಮಾತ್ರ ಎಲ್ಲಿಯೂ ಬೇಡ. ಹಳದಿಯಾಗಿ ಉದುರುತ್ತದೆ, ಉದುರಿದ ಮೇಲೂ ಕಲೆ ಬಿಟ್ಟು ಹೋಗುತ್ತದೆ. ಮೂಲ ಫೋಟೊಗಳಿಗೆ ನನ್ನ ಆಯ್ಕೆ ಫೋಟೊ ಮೂಲೆಗಳು. ಅಂಟು ತಾಗುವುದು ಮೂಲೆಯ ಕಾಗದಕ್ಕೆ. ಫೋಟೊ ನಾಲ್ಕು ಜೇಬಿನಲ್ಲಿ ಸುಮ್ಮನೆ ಕೂತಿರುತ್ತದೆ. ಬೇಕೆಂದಾಗ ತೆಗೆದು ಸ್ಕ್ಯಾನ್ ಮಾಡಬಹುದು, ಹಿಂದೆ ಬರೆದದ್ದನ್ನು ಓದಬಹುದು. ಕಿಟ್‌ನಲ್ಲಿ ಇವು ತೀರಾ ಕಡಿಮೆ ಇದ್ದವು. ಸ್ಟಿಕರ್ ಅರ್ಧಕ್ಕೆ ಇಳಿಸಿ ಮೂಲೆಗಳನ್ನು ದುಪ್ಪಟ್ಟು ಕೊಟ್ಟಿದ್ದರೆ ಪೆಟ್ಟಿಗೆಯ ಉಪಯೋಗ ಹೆಚ್ಚುತ್ತಿತ್ತು.

ಲೋಹದ ಬ್ರಾಡ್‌ಗಳನ್ನು ಕರಾವಳಿಯವರು ಮುಟ್ಟಲೇಬೇಡಿ. ಉಪ್ಪುಗಾಳಿಗೆ ಅವುಗಳ ಮೇಲಿನ ಬಂಗಾರದ ಬಣ್ಣ ಮೊದಲು ಮಂಕಾಯಿತು, ಆಮೇಲೆ ಕಾಲುಗಳಿಂದ ಕೆಂಪು ತುಕ್ಕು ಕಾಗದಕ್ಕೆ ಇಳಿಯಿತು. ಸ್ಟೇಪ್ಲರ್ ಪಿನ್ನಿಗೂ ಇದೇ ಮಾತು. ಅವುಗಳ ಜಾಗದಲ್ಲಿ ಹತ್ತಿ ನೂಲಿನಲ್ಲಿ ಹೊಲಿಗೆ ಹಾಕಿದ್ದೇನೆ. ಸೂಜಿಯಿಂದ ಮೊದಲು ತೂತು ಮಾಡಿಕೊಂಡು ನೂಲು ಎಳೆದರೆ ಕಾಗದ ಹರಿಯುವುದಿಲ್ಲ, ನೋಡಲೂ ಬ್ರಾಡ್‌ಗಿಂತ ಚಂದ.

ಜೆಲ್ ಪೆನ್ನಿನ ಬಿಳಿ ಅಕ್ಷರ ತೇವದ ದಿನ ಬೆರಳು ತಾಗಿದರೆ ಕದಡುತ್ತದೆ. ಬರವಣಿಗೆಗೆ ಪಿಗ್ಮೆಂಟ್ ಶಾಯಿಯ ಪೆನ್ ಬೇಕು, ಒಣಗಿದ ಮೇಲೆ ನೀರಿಗೂ ಬೆಳಕಿಗೂ ಜಗ್ಗದು. ನಾನು ಬಳಸುವುದು ಸಕುರಾ ಪಿಗ್ಮಾ ಮೈಕ್ರಾನ್ 05. ಒಂದೇ ಪೆನ್ನಿನಲ್ಲಿ ಅರ್ಧ ಆಲ್ಬಮ್ ಬರೆದಾಗಿದೆ. ಕಿಟ್‌ನ ಹೊರಗೆ ಮೊದಲು ಕೊಳ್ಳಬೇಕಾದ ವಸ್ತು ಯಾವುದು ಎಂದು ಕೇಳಿದರೆ ಹೇಳುವುದು ಇದನ್ನೇ.

ಟ್ರಂಕಿನಲ್ಲಿದ್ದ ಫೋಟೊಗಳಲ್ಲಿ ಅರ್ಧದಷ್ಟು, ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಹಳೆಯ ಆಲ್ಬಮ್ಮಿನಲ್ಲಿದ್ದವು. ಒಂದು ಕಾಲದಲ್ಲಿ ಮದುವೆ, ಉಪನಯನ ಎಲ್ಲದಕ್ಕೂ ಅದೇ ಬರುತ್ತಿತ್ತು. ವರ್ಷ ಕಳೆದಂತೆ ಆ ಅಂಟು ಫೋಟೊವನ್ನು ಕಚ್ಚಿ ಹಿಡಿಯುತ್ತದೆ, ಉಗುರು ಹಾಕಿ ಎಬ್ಬಿಸಿದರೆ ಹರಿಯುತ್ತದೆ. ತೆಗೆಯುವ ಕ್ರಮ ಹೀಗೆ. ಮೊದಲು ಪುಟ ಇದ್ದ ಹಾಗೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಕೊಳ್ಳಿ. ಆಮೇಲೆ ಮೇಣ ಹಚ್ಚದ ಡೆಂಟಲ್ ಫ್ಲಾಸ್ ಒಂದು ಮೊಳ ತೆಗೆದು ಎರಡೂ ಕೈಯ ಬೆರಳಿಗೆ ಸುತ್ತಿ, ಫೋಟೊದ ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸ ಎಳೆದ ಹಾಗೆ ಆಚೀಚೆ ಎಳೆಯುತ್ತ ಮುಂದೆ ಸರಿಸಬೇಕು. ಫೋಟೊವನ್ನು ಮೇಲಕ್ಕೆ ಬಗ್ಗಿಸಬಾರದು, ನೂಲೇ ಅದರ ಕೆಳಗೆ ಚಪ್ಪಟೆಯಾಗಿ ಸಾಗಬೇಕು. ಆಯಿ (ಅಮ್ಮ) ಹಾಳೆ ಒತ್ತಿ ಹಿಡಿದಳು, ನಾನು ನೂಲು ಎಳೆದೆ. ಅಜ್ಜ ಅಡಿಕೆ ಅಂಗಳದಲ್ಲಿ ನಿಂತ ಫೋಟೊ ಹಿಂದಿನ ಅಂಟಿನ ಗೆರೆಗಳ ಸಮೇತ ಇಡಿಯಾಗಿ ಕೈಗೆ ಬಂತು. ಅದು ಬಂದಾಗ ಆಯಿ ಹೇಳಿದ್ದು: “ಹೆಸರು ಬರದಿಡೇ ತಂಗಿ, ಯಂಗ ಹೋದ್ಮೇಲೆ ಇದು ಯಾರು ಹೇಳಿ ಹೇಳಲೆ ಯಾರೂ ಇರ್ತ್ವಿಲ್ಲೆ.”

ಹೆಸರು ಬರೆದಿಡು, ನಾವು ಹೋದ ಮೇಲೆ ಇದು ಯಾರೆಂದು ಹೇಳಲು ಯಾರೂ ಇರುವುದಿಲ್ಲ ಎಂಬ ಆ ಮಾತನ್ನು ಹೊಸಬರು ಎಲ್ಲ ತಂತ್ರಕ್ಕಿಂತ ಮೊದಲು ಕಲಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಪ್ರತಿ ಪುಟಕ್ಕೂ ಯಾರು, ಎಲ್ಲಿ, ಯಾವ ವರ್ಷ, ಇಷ್ಟು ಬರಲೇಬೇಕು. ಪುಟದ ಜೋಡಣೆ ಅದರ ನಂತರದ್ದು. ದೊಡ್ಡದಾಗಿ ಕಾಣಬೇಕಾದ ಒಂದು ಫೋಟೊ ಆರಿಸಿ, ಅದರ ಹಿಂದೆ ನಾಲ್ಕೂ ಕಡೆ ಮೂರು ಮಿಲಿಮೀಟರ್ ಹೊರಚಾಚುವಂತೆ ಬಣ್ಣದ ಕಾಗದ ಇಡಿ, ಉಳಿದ ಫೋಟೊ ಅದರ ಸುತ್ತ ಬರಲಿ. ಅಂಟು ಹಾಕುವ ಮೊದಲು ಎಲ್ಲವನ್ನೂ ಹಾಗೇ ಇಟ್ಟು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದು ನೋಡಿ. ಕಣ್ಣಿಗೆ ತಪ್ಪಿದ ಓರೆಕೋರೆ ಪರದೆಯ ಮೇಲೆ ತಕ್ಷಣ ಕಾಣುತ್ತದೆ. ಮೂಲ ಫೋಟೊಕ್ಕೆ ಕತ್ತರಿ ಹಾಕಬೇಡಿ, ಕತ್ತರಿಸುವುದು ಪ್ರತಿಯನ್ನು.

ಅಂಗಡಿಯ ಚಿತ್ತಾರದ ಹಾಳೆಯಲ್ಲಿ ಐಫೆಲ್ ಟವರ್, ಬಿಸಿಗಾಳಿಯ ಬಲೂನು ಇರುತ್ತವೆ. ನಮ್ಮ ಜಾತ್ರೆ ಪುಟಕ್ಕೆ ಅವು ಹೊಂದುವುದಿಲ್ಲ. ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿದ್ದ ಕಾವಿ ಚಿತ್ರ ನೋಡಿದವರಿಗೆ ಗೊತ್ತು, ಕೆಂಪು ಕಾವಿಯ ಪದರ ಕೆರೆದು ಒಳಗಿನ ಸುಣ್ಣದ ಬಿಳುಪಿನಲ್ಲಿ ಬಳ್ಳಿ, ಹೂವು, ದೇವತೆ ಬಿಡಿಸುವ ಕಲೆ. ಎರಡೇ ಬಣ್ಣ. ಬಿಳಿ ಕಾರ್ಡ್‌ಸ್ಟಾಕಿನ ಮೇಲೆ ಇಟ್ಟಿಗೆ ಕೆಂಪಿನ ಹಾಳೆಯಿಟ್ಟು, ಮೇಲಿನದ್ದರಲ್ಲಿ ಬಳ್ಳಿ ಕೊರೆದು ತೆಗೆದರೆ ಅದೇ ನೋಟದ ಅಂಚು ಸಿಗುತ್ತದೆ. ಬೇಕಾಗುವುದು ಒಂದು ಕ್ರಾಫ್ಟ್ ಚಾಕು, ಒಂದು ಕಟಿಂಗ್ ಮ್ಯಾಟ್. ಕಿಟ್‌ನ ಟ್ರಿಮ್ಮರ್ ನೇರ ಗೆರೆಗೆ ಚೆನ್ನಾಗಿದೆ, ಬ್ಲೇಡ್ ಇನ್ನೂ ಮೊಂಡಾಗಿಲ್ಲ, ಆದರೆ ಬಳ್ಳಿ ಕೊರೆಯಲು ಅದು ಆಗದು.

ಕಾಗದದ ನೆನಪುಗಳಲ್ಲಿ ಎರಡಕ್ಕೆ ವಿಶೇಷ ಜಾಗ್ರತೆ ಬೇಕು. ಅಜ್ಜ ಜೋಪಾನ ಮಾಡಿದ್ದ ಇಡಗುಂಜಿ ಯಕ್ಷಗಾನ ಮೇಳದ ಹ್ಯಾಂಡ್‌ಬಿಲ್‌ಗಳು ತೆಳು ನ್ಯೂಸ್‌ಪ್ರಿಂಟಿನವು. ಅವುಗಳ ಪ್ರತಿಯನ್ನು ಆ್ಯಸಿಡ್ ಫ್ರೀ ಹಾಳೆಯಲ್ಲಿ ತೆಗೆದು ಪುಟಕ್ಕೆ ಹಾಕಿ, ಮೂಲವನ್ನು ಬೇರೆ ಕವರ್‌ನಲ್ಲಿಟ್ಟಿದ್ದೇನೆ. ಕೆಳಗೆ, ಮೇಳ 1934ರಲ್ಲಿ ಕೆರೆಮನೆಯಲ್ಲಿ ಹುಟ್ಟಿದ್ದು ಎಂದೂ ಬರೆದೆ. ಮನೆಯ ಮಕ್ಕಳಿಗೆ ಅದು ಬರೀ ಹಳೆ ಕಾಗದ ಆಗಬಾರದು. ಇನ್ನೊಂದು ಬಸ್ ಟಿಕೆಟ್. ಮೊದಲಿನ ಬಣ್ಣಬಣ್ಣದ ಅಚ್ಚಿನ ಟಿಕೆಟ್ ಹಾಗೇ ಉಳಿಯುತ್ತದೆ. ಈಗಿನ ಮಶಿನ್ ಟಿಕೆಟ್ ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇಲ್ಲ, ಬಿಸಿಗೆ ಕಪ್ಪಾಗುವ ಲೇಪ ಅಷ್ಟೆ. ಕಾರವಾರ–ಶಿರಸಿ ಟಿಕೆಟ್ ಜೋಪಾನವಾಗಿ ಅಂಟಿಸಿದರೂ ಕೊನೆಗೆ ಖಾಲಿ ಚೀಟಿ ಉಳಿಯುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಪುಟ ಮುಚ್ಚುವ ಕವರ್ ಪಿವಿಸಿ ಪ್ಲಾಸ್ಟಿಕ್ಕಿನದ್ದಾಗಿರಬಾರದು. ಮೂಗಿಗೆ ಹಿಡಿದರೆ ಹೊಸ ರೆಕ್ಸಿನ್ ವಾಸನೆ ಬಂದರೆ ಬಿಡಿ, ಪಾಲಿಪ್ರೊಪಿಲೀನ್ ಎಂದು ಬರೆದದ್ದನ್ನು ಕೊಳ್ಳಿ. ಹೊಸ ಪ್ರಿಂಟ್ ಹಾಕಿಸುವಾಗ ಸ್ಟುಡಿಯೊದವರ ಹತ್ತಿರ ಮ್ಯಾಟ್, ಅಂದರೆ ಮಿರುಗದ ಪ್ರಿಂಟ್ ಕೇಳಿ. ಫೋಟೊದ ಮೇಲ್ಪದರ ಜೆಲಾಟಿನ್, ತೇವಕ್ಕೆ ಉಬ್ಬುತ್ತದೆ. ಗ್ಲಾಸಿ ಆದರೆ ಕವರಿಗೆ ಅಂಟಿಕೊಂಡು ಮಿರುಗುವ ಕಲೆ ಬೀಳುತ್ತದೆ.

ಇಡುವ ಜಾಗವೂ ಅಷ್ಟೇ ಮುಖ್ಯ. ಘಟ್ಟದ ಮೇಲೆ ಒಣಗಿರಲೆಂದು ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಹಾಕುವ ರೂಢಿ ಇದೆ. ಫೋಟೊಕ್ಕೆ ಆ ಹೊಗೆ, ಆ ಬಿಸಿ ಎರಡೂ ಕೆಡುಕು. ಡಾಂಬರು ಗುಳಿಗೆಯೂ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ರಬ್ಬರ್ ಅಂಚಿನ ದೊಡ್ಡ ಡಬ್ಬಿಯಲ್ಲಿ ಆಲ್ಬಮ್ ಇಟ್ಟು, ಜೊತೆಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ. ಕಿತ್ತಳೆಯಿಂದ ಹಸಿರಾಗುವುದು ಒಳ್ಳೆಯದು. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಹಸಿರಾದದ್ದನ್ನು ಹದವಾಗಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ. ಡಬ್ಬಿಯೊಳಗೆ ಒಂದು ಸಣ್ಣ ತೇವಮಾಪಕ ಇಟ್ಟಿದ್ದೇನೆ. ಅದು ಶೇಕಡಾ 50ರ ಒಳಗಿದ್ದರೆ ನಿಶ್ಚಿಂತೆ, 65 ದಾಟಿದರೆ ಬೂಷ್ಟಿಗೆ ದಾರಿ.

ಇದೇ ಸಾವಿರದೈನೂರು ಕೈಯಲ್ಲಿದ್ದರೆ ಇವತ್ತು ಕಿಟ್ ತೆಗೆದುಕೊಳ್ಳುವುದಿಲ್ಲ. 8 ಇಂಚಿನ ಸ್ಕ್ರೂ ಆಲ್ಬಮ್, ಕೆನೆ ಬಣ್ಣದ ಆ್ಯಸಿಡ್ ಫ್ರೀ ಹಾಳೆಯ ಕಟ್ಟು, ಫೋಟೊ ಮೂಲೆಗಳ ಎರಡು ಪ್ಯಾಕೆಟ್, ಫೋಟೊಕ್ಕೆಂದೇ ಮಾಡಿದ ಡಬಲ್ ಸೈಡ್ ಟೇಪ್, ಒಂದು ಪಿಗ್ಮೆಂಟ್ ಪೆನ್, ಸಿಲಿಕಾ ಜೆಲ್, ಇಷ್ಟನ್ನು ಬಿಡಿಯಾಗಿ ಕೊಳ್ಳುತ್ತೇನೆ. ಮಕ್ಕಳಿಗೆ ರಜೆಯಲ್ಲಿ ಕೈಯಾಡಿಸಲು, ಪ್ರತಿಗಳನ್ನೇ ಅಂಟಿಸಿ ಆಡಲು ಆದರೆ ಕಿಟ್ ಚೆನ್ನಾಗಿದೆ, ಅದಕ್ಕೆ ಧಾರಾಳವಾಗಿ ನಾಲ್ಕು ಸ್ಟಾರ್. ತಲೆಮಾರಿನ ಫೋಟೊಗಳಿಗೆ ಎರಡೇ. ಯಾವುದನ್ನು ತರಿಸುವುದಿದ್ದರೂ ಮೇ ಒಳಗೆ ತರಿಸಿ. ಮಳೆ ಹಿಡಿದ ಮೇಲೆ ಬರುವ ಪಾರ್ಸೆಲ್ಲಿನ ಹಾಳೆಗಳು ದಾರಿಯಲ್ಲೇ ತೇವ ಎಳೆದು ಅಂಚು ಸುರುಟಿಕೊಂಡಿರುತ್ತವೆ. ಹಾಗೆ ಬಂದರೆ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ, ಮೇಲೆ ಭಾರವಾದ ಪುಸ್ತಕ ಹೇರಿ ಎರಡು ಮೂರು ದಿನ ಬಿಟ್ಟು, ಹಾಳೆ ಸಪಾಟಾದ ಮೇಲೆ ಕತ್ತರಿ ಹಾಕಿ.