ಕೊಯ್ಯದೆ ಮಾಡುವ ಶವಪರೀಕ್ಷೆ: ಒಳರಕ್ತಸ್ರಾವದ ಸಾವಿಗೆ ಸಾಕೇ?

ದೆಹಲಿಯ ಏಮ್ಸ್‌ನಲ್ಲಿ 2021ರ ಮಾರ್ಚ್‌ನಿಂದ ವರ್ಚುವಲ್ ಆಟಾಪ್ಸಿ ಸೇವೆ ಇದೆ. ಶವವನ್ನು ಚೀಲದಲ್ಲೇ ಸಿ.ಟಿ. ಯಂತ್ರದೊಳಗೆ ಕಳಿಸಿದರೆ ನಿಮಿಷಗಳಲ್ಲಿ ಇಡೀ ದೇಹದ ಚಿತ್ರ ಸಿಗುತ್ತದೆ. ಕೊಯ್ಯಬೇಡಿ ಎಂದು ಅಂಗಲಾಚುವ ಮನೆಯವರಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಹಠಾತ್ತನೆ ಕುಸಿದು ಸತ್ತವರಲ್ಲಿ ರಕ್ತ ಎಲ್ಲಿ ನಿಂತಿದೆ ಎಂಬುದನ್ನು ಈ ಸ್ಕ್ಯಾನ್ ಚೆನ್ನಾಗಿ ತೋರಿಸುತ್ತದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಗೋಡೆ ಸೀಳಿ ಹೃದಯದ ಚೀಲಕ್ಕೆ ರಕ್ತ ನುಗ್ಗಿದ್ದರೆ, ಹೃದಯದ ಸುತ್ತ ಬಳೆಯೊಳಗೆ ಬಳೆ ಇಟ್ಟಂತೆ ಕಾಣುತ್ತದೆ: ಒಳಗೆ ಬೆಳ್ಳಗಿನ ಹೆಪ್ಪು, ಹೊರಗೆ ಮಸುಕಾದ ಸೀರಂ, ಅಂದರೆ ಹೆಪ್ಪಿನಿಂದ ಬೇರ್ಪಟ್ಟ ತಿಳಿ ದ್ರವ. ಆ ಚೀಲದಲ್ಲಿ 150–200 ಮಿ.ಲೀ. ದಿಢೀರನೆ ತುಂಬಿದರೂ ಹೃದಯಕ್ಕೆ ಹಿಗ್ಗಲು ಜಾಗವಿಲ್ಲದೆ ಸಾವು ಬರುತ್ತದೆ.

ರಕ್ತ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮಾತ್ರ ಸೇವೆ ತಡವರಿಸುತ್ತದೆ. ಸತ್ತ ದೇಹದಲ್ಲಿ ರಕ್ತ ಹರಿಯುವುದಿಲ್ಲವಾದ್ದರಿಂದ ಸೋರಿದ ಜಾಗ ತಾನಾಗಿ ಕಾಣದು. ಅಂಡನಾಳದಲ್ಲಿ ಗರ್ಭ ನಿಂತು ನಾಳ ಒಡೆದ ಯುವತಿಯ ಹೊಟ್ಟೆ ತುಂಬ ರಕ್ತವಿರುವುದು ಕಾಣುತ್ತದೆ, ಒಡೆದ ನಾಳ ಕಾಣದೆ ಹೋಗಬಹುದು. ತೊಡೆಯ ರಕ್ತನಾಳದಿಂದ ಪಂಪ್ ಮಾಡಿ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಬೆಳ್ಳಗೆ ಎದ್ದು ಕಾಣುವ ದ್ರವ) ತುಂಬಿದರೆ ಸುಳಿವು ಸಿಗುತ್ತದೆ. ಅದಕ್ಕೆ ಬೇರೆ ಉಪಕರಣ, ನುರಿತ ಕೈ, ಹೆಚ್ಚು ಹೊತ್ತು ಬೇಕು. ಶವ ಕೊಳೆಯತೊಡಗಿದ್ದರೆ ಒಳಗಿನ ಅನಿಲವೂ ಚಿತ್ರವನ್ನು ಗೊಂದಲಮಯ ಮಾಡುತ್ತದೆ. ಎದೆ ಒತ್ತಿ ಉಳಿಸಲು ಯತ್ನಿಸಿದಾಗ ಮುರಿದ ಪಕ್ಕೆಲುಬನ್ನೂ ಅದರಿಂದಾದ ಅಲ್ಪ ರಕ್ತವನ್ನೂ ಮೊದಲೇ ಆಗಿದ್ದ ಗಾಯವೆಂದು ಓದುವ ಅಪಾಯವಿದೆ. ಚಿಕಿತ್ಸೆಯ ಕಾಗದಗಳನ್ನು ನೋಡದೆ ವರದಿ ಬರೆಯಲೇಬಾರದು.

ಆದ್ದರಿಂದ ಒಳರಕ್ತಸ್ರಾವದ ಶಂಕೆಯಿದ್ದರೆ ಸ್ಕ್ಯಾನನ್ನು ಕೊಯ್ಯುವ ಮುಂಚಿನ ನಕ್ಷೆಯಾಗಿ ಬಳಸಿ ಎಂಬುದು ನಮ್ಮ ಅಭಿಪ್ರಾಯ. ಸ್ಕ್ಯಾನ್‌ನಲ್ಲಿ ರಕ್ತ ಕಂಡ ಕುಹರವನ್ನು (ಎದೆ, ಹೊಟ್ಟೆಯಂಥ ಒಳಪೊಳ್ಳನ್ನು) ಮೊದಲು ತೆರೆಯಬೇಕು. ದೊಡ್ಡ ರಕ್ತನಾಳ ಕತ್ತರಿಸುವ ಮುನ್ನವೇ ದ್ರವರಕ್ತವನ್ನು ಸೌಟಿನಿಂದ ತೆಗೆದು ಅಳತೆಯ ಜಾಡಿಗೆ ಹಾಕಬೇಕು, ಹೆಪ್ಪನ್ನು ಬೇರೆ ತೂಗಬೇಕು. ಈ ಕ್ರಮ ತಪ್ಪಿದರೆ ನಾಳದಿಂದ ಸುರಿದ ರಕ್ತವೂ ಸೇರಿ ಲೆಕ್ಕ ಉಬ್ಬುತ್ತದೆ. ಸೀಳು ಇರುವಲ್ಲೇ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಆಮೇಲಷ್ಟೇ ಅಂಗವನ್ನು ಹೊರತೆಗೆಯಬೇಕು. ಅವಸರದಲ್ಲಿ ಹೃದಯವನ್ನು ಕಿತ್ತರೆ ಚಾಕುವಿನ ಗೀರಿಗೂ ಮೂಲ ಸೀಳಿಗೂ ವ್ಯತ್ಯಾಸ ತಿಳಿಯದು. ಸೀಳಿನ ಅಂಚಿನ ತುಣುಕು ಕೊಳೆಯದಂತೆ ಕಾಪಾಡುವ 10% ಫಾರ್ಮಲಿನ್ ದ್ರಾವಣಕ್ಕೆ ಹೋಗಲಿ. ಗೋಡೆ ಮೊದಲೇ ಶಿಥಿಲವಾಗಿತ್ತೇ, ಪೆಟ್ಟಿನಿಂದ ಹರಿಯಿತೇ ಎಂಬ ಪ್ರಶ್ನೆಗೆ ಸೂಕ್ಷ್ಮದರ್ಶಕ ನೆರವಾಗುತ್ತದೆ.