ನಾಲ್ಕೂ ಬೆಲ್ಟು ಬಿಗಿಯಾಗಿಯೇ ಇದ್ದವು, ಆದರೂ ಲೋಡು ಕ್ಯಾಬಿನ್ನಿಗೆ ನುಗ್ಗಿತು: ಬಗೆಬಗೆಯ ಉಕ್ಕು ಸಾಗಿಸುವವರು ಗಮನಿಸಿ

ಮೊದಲ ಡೆಲಿವರಿ ಮುಗಿಸಿ ಎರಡನೆಯದಕ್ಕೆ ಹೊರಟಿದ್ದ ಲಾರಿ. ಎದುರಿನ ವಾಹನ ಗಕ್ಕನೆ ನಿಂತಿತು, ಚಾಲಕ ಬ್ರೇಕು ಒತ್ತಿದ. ಲಾರಿ ನಿಂತಿತು, ಹಿಂದಿದ್ದ ಎರಡು ಟನ್ ಶೀಟಿನ ಕಟ್ಟು ನಿಲ್ಲಲಿಲ್ಲ. ಎರಡೂವರೆ ಮೀಟರ್ ಜಾರಿಕೊಂಡು ಬಂದು ಬಾಡಿಯ ಮುಂಗೋಡೆಗೆ ಗುದ್ದಿ, ಅದನ್ನು ಕ್ಯಾಬಿನ್ನಿನ ಕಡೆಗೆ ಬಾಗಿಸಿತು. ಪಕ್ಕದಲ್ಲಿದ್ದ ಪೈಪಿನ ಕಟ್ಟು ಮುಂಗೋಡೆಗಿಂತ ಒಂದು ಗೇಣು ಎತ್ತರವಿತ್ತು. ಆ ಕಟ್ಟಿನ ನಡುವಿನ ಏಳೆಂಟು ಪೈಪುಗಳು ಚಿಮ್ಮಿ, ಹಿಂಗಾಜು ಒಡೆದು, ಚಾಲಕನ ಪಕ್ಕದ ಸೀಟಿನ ತನಕ ಬಂದವು. ಆ ಸೀಟಿನಲ್ಲಿ ಯಾರೂ ಇರಲಿಲ್ಲ.

ಇಳಿದು ನೋಡಿದರೆ ನಾಲ್ಕು ಬೆಲ್ಟುಗಳಲ್ಲಿ ಒಂದೂ ಹರಿದಿರಲಿಲ್ಲ, ಬೆಲ್ಟು ಬಿಗಿದು ಹಿಡಿಯುವ ಒಂದು ರ‍್ಯಾಚೆಟ್ಟೂ ಬಿಚ್ಚಿರಲಿಲ್ಲ. ಪೈಪಿನ ಕಟ್ಟಿನ ಹೊರಸುತ್ತು ಇದ್ದಲ್ಲೇ ಇತ್ತು. ಹೊರಡುವಾಗ ಜೇನುಗೂಡಿನ ಹಾಗೆ ಸಮನಾಗಿದ್ದ ಅದರ ಮೂತಿಯಿಂದ ಈಗ ನಡುವಿನ ಪೈಪುಗಳು ಮಾತ್ರ ಉದ್ದಕ್ಕೆ ಹೊರಬಂದಿದ್ದವು. ಬೆಲ್ಟು ತನ್ನ ಕೆಲಸ ಮಾಡಿತ್ತು. ತಪ್ಪಾಗಿದ್ದು ಬೆಲ್ಟು ಏನು ಹಿಡಿಯುತ್ತದೆ, ಏನು ಹಿಡಿಯುವುದಿಲ್ಲ ಎಂಬ ಲೆಕ್ಕದಲ್ಲಿ. ಇಂಥ ಲೋಡು ದಿನವೂ ಹೀಗೆಯೇ ಕಟ್ಟಿಕೊಂಡು ಹೋಗುತ್ತಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕಾಗಿದೆ.

ಲೋಡು ಹೀಗಿತ್ತು. ತಳದಲ್ಲಿ ಆರು ಮೀಟರಿನ ಚಾನಲ್ಲುಗಳು, ಅಂದರೆ ಮೂರು ಬದಿಯ ಉಕ್ಕಿನ ತೊಲೆಗಳು. ಅವುಗಳ ಮೇಲೆ ಒಂದು ಬದಿಗೆ, ಒಂದರ ಹಿಂದೊಂದು, ಎಣ್ಣೆ ಸವರಿದ ಶೀಟಿನ ಎರಡು ಕಟ್ಟು. ಇನ್ನೊಂದು ಬದಿಗೆ ದುಂಡು ಪೈಪಿನ ಕಟ್ಟುಗಳು. ಹಿಂದುಗಡೆ ಬೈಂಡಿಂಗ್ ವೈರಿನ ಸುರುಳಿಗಳು. ಹೊರಡುವಾಗ ಎಲ್ಲವೂ ಮುಂಗೋಡೆಗೆ ಒತ್ತಿಕೊಂಡೇ ಇತ್ತು. ಮೊದಲ ಜಾಗದಲ್ಲಿ ಮುಂದಿನ ಶೀಟಿನ ಕಟ್ಟು ಇಳಿಯಿತು, ಹಿಂದಿನ ಕಟ್ಟಿನ ಮುಂದೆ ಎರಡೂವರೆ ಮೀಟರ್ ಬಯಲು ಉಳಿಯಿತು. ಬೆಲ್ಟುಗಳನ್ನು ಮತ್ತೆ ಮೇಲಿಂದ ಹಾಯಿಸಿ ಬಿಗಿದದ್ದಾಯಿತು. ಆ ಬಯಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಶೀಟಿನ ಕಟ್ಟು ಕಣ್ಣಿಗೆ ಮೋಸ ಮಾಡುತ್ತದೆ. 2.5 ಮೀಟರ್ ಉದ್ದ, 1.25 ಮೀಟರ್ ಅಗಲದ ಶೀಟುಗಳನ್ನು ಬರೀ 8 ಸೆಂಟಿಮೀಟರ್ ಎತ್ತರಕ್ಕೆ ಪೇರಿಸಿದರೂ ತೂಕ 1,960 ಕೆ.ಜಿ. ದಾಟುತ್ತದೆ, ಉಕ್ಕು ಘನ ಮೀಟರಿಗೆ 7,850 ಕೆ.ಜಿ. ತೂಗುವ ವಸ್ತು. ಮೊಣಕಾಲಿಗೂ ಬಾರದ ಕಟ್ಟು ತಾನಾಗಿಯೇ ಎಲ್ಲಿ ಹೋದೀತು ಅನ್ನಿಸುವುದು ಸಹಜ. ಆದರೆ ತೂಕ ಇದ್ದ ಮಾತ್ರಕ್ಕೆ ಸರಕು ನಿಲ್ಲುವುದಿಲ್ಲ. ತೂಕ ಹೆಚ್ಚಿದಷ್ಟೂ ಬ್ರೇಕು ಹಾಕಿದಾಗ ಮುಂದಕ್ಕೆ ತಳ್ಳುವ ಬಲವೂ ಅಷ್ಟೇ ಹೆಚ್ಚುತ್ತದೆ. ನಿಲ್ಲಿಸುವುದು ತಳದ ಹಿಡಿತ ಅಥವಾ ಮುಂದಿನ ತಡೆ.

ಯುರೋಪಿನ ಇಎನ್ 12195 ಮಾನದಂಡದ ಪ್ರಕಾರ ಲೋಡು ಮುಂದಕ್ಕೆ ತನ್ನ ತೂಕದ 0.8 ಪಟ್ಟು, ಪಕ್ಕಕ್ಕೂ ಹಿಂದಕ್ಕೂ 0.5 ಪಟ್ಟು ಬಲ ತಡೆಯುವಂತಿರಬೇಕು. ಎರಡು ಟನ್ ಕಟ್ಟಿಗೆ ಮುಂದಕ್ಕೆ 1,600 ಕೆ.ಜಿ. ಬಲ. ಎಣ್ಣೆ ಹತ್ತಿದ ಉಕ್ಕಿನ ಮೇಲೆ ಉಕ್ಕು ಇಟ್ಟರೆ ಘರ್ಷಣೆಯ ಅಂಕ 0.2 ಸಿಕ್ಕರೇ ಹೆಚ್ಚು, ಅಂದರೆ ತೂಕದ ಐದನೇ ಒಂದು ಪಾಲು, 400 ಕೆ.ಜಿ. ಹಿಡಿತ. ಉಳಿದ 1,200 ಕೆ.ಜಿ.ಯನ್ನು ಬೆಲ್ಟು ಒದಗಿಸಬೇಕು.

ಎಡವುವುದು ಇಲ್ಲಿಯೇ. 50 ಮಿ.ಮೀ. ಬೆಲ್ಟಿನ ಲೇಬಲ್ಲಿನಲ್ಲಿ ಎಲ್‌ಸಿ 2,500 ಡೆಕಾನ್ಯೂಟನ್ ಎಂದಿರುತ್ತದೆ, ಅಂದರೆ ಹೆಚ್ಚು ಕಡಿಮೆ ಎರಡೂವರೆ ಟನ್. ನಾಲ್ಕು ಬೆಲ್ಟು, ಹತ್ತು ಟನ್ ಎಂದು ಕೂಡಿಸಿಬಿಡುತ್ತಾರೆ. ಆ ಸಂಖ್ಯೆ ಬೆಲ್ಟನ್ನು ನೇರವಾಗಿ ಎಳೆದಾಗ ಅದು ತಡೆಯುವ ಬಲದ್ದು. ಮೇಲಿಂದ ಹಾಯಿಸಿ ಬಿಗಿದಾಗ ಲೆಕ್ಕಕ್ಕೆ ಬರುವುದು ಅದೇ ಲೇಬಲ್ಲಿನ ಎಸ್‌ಟಿಎಫ್, ಅಂದರೆ ಕೈಯಿಂದ ರ‍್ಯಾಚೆಟ್ ತಿರುಗಿಸಿದಾಗ ಬೆಲ್ಟಿನಲ್ಲಿ ಉಳಿಯುವ ಬಿಗಿತ. ಸಾಮಾನ್ಯ ರ‍್ಯಾಚೆಟ್ಟಿನಲ್ಲಿ ಅದು 300 ಡೆಕಾನ್ಯೂಟನ್, ಅಂದರೆ 300 ಕೆ.ಜಿ.ಯ ಆಸುಪಾಸು. ಎರಡೂ ಬದಿ ಸೇರಿ 600 ಕೆ.ಜಿ. ಒತ್ತುತ್ತದೆ, 0.2 ಘರ್ಷಣೆಯಲ್ಲಿ ಅದರಿಂದ ದಕ್ಕುವುದು 120 ಕೆ.ಜಿ. ಹಿಡಿತ. 1.25ರ ಸುರಕ್ಷತಾ ಅಂಶ ಸೇರಿಸಿದರೆ ಆ ಒಂದೇ ಕಟ್ಟಿಗೆ 13 ಬೆಲ್ಟು ಬೇಕು. ಅದರ ಮೇಲೆ ಹಾಯ್ದಿದ್ದು ಎರಡು.

ಅದೂ ಬೆಲ್ಟು ನೆಟ್ಟಗೆ ಕೆಳಗಿಳಿದರೆ ಮಾತ್ರ. ತಗ್ಗಾದ ಕಟ್ಟಿನ ಮೇಲಿಂದ ಬೆಲ್ಟು ಓರೆಯಾಗಿ ಬದಿಗೆ ಹೋಗುತ್ತದೆ. ಲಾರಿಯ ಹಾಸಿನಿಂದ 30 ಡಿಗ್ರಿ ಕೋನವಿದ್ದರೆ ಒತ್ತುವ ಬಲ ಅರ್ಧಕ್ಕರ್ಧ ಕಡಿಮೆ.

ಈಗ ಅದೇ ಕಟ್ಟಿನ ಕೆಳಗೆ ಒಣಗಿದ, ಎಣ್ಣೆ ಹತ್ತದ ಮರದ ತುಂಡುಗಳನ್ನು ಕೊಟ್ಟರೆ ಘರ್ಷಣೆ 0.4ರ ಹತ್ತಿರ ಬರುತ್ತದೆ, 5 ಬೆಲ್ಟು ಸಾಕಾಗುತ್ತದೆ. ಸರಕು ಹಿಡಿಯಲೆಂದೇ ತಯಾರಾದ ರಬ್ಬರ್ ಮ್ಯಾಟ್ ಹಾಸಿದರೆ 0.6, ಬೆಲ್ಟು 2. ಬೆಲ್ಟಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪವನ್ನು ಮ್ಯಾಟಿಗೆ ಹಾಕಿ ಎಂದು ಪದೇ ಪದೇ ಹೇಳುವುದು ಇದಕ್ಕೇ. ಆದರೆ ಮ್ಯಾಟು ಪ್ರತಿ ಪದರದ ನಡುವೆಯೂ ಇರಬೇಕು. ಹಾಸಿಗೂ ಚಾನಲ್ಲಿಗೂ ನಡುವೆ ಹಾಕಿ, ಚಾನಲ್ಲಿಗೂ ಶೀಟಿಗೂ ನಡುವೆ ಬಿಟ್ಟರೆ ಲೋಡು ಅಲ್ಲಿಂದಲೇ ಜಾರುತ್ತದೆ. ಚಾನಲ್ಲಿನ ಮೇಲೆ ಮ್ಯಾಟು ಕೂರಲು ಅಗಲವಾದ ಹಲಗೆ ಬೇಕಾಗುತ್ತದೆ, ಅದರ ಕೆಳಗೂ ಮ್ಯಾಟು ಬೇಕು. ಒದ್ದೆಯಾದ ಅಥವಾ ಎಣ್ಣೆ ಕುಡಿದ ಮರಕ್ಕೆ 0.4 ಎಂದು ಲೆಕ್ಕ ಹಾಕಬೇಡಿ.

ಇನ್ನು ಆ ಬಯಲಿನ ಮಾತು. ಎರಡೂವರೆ ಮೀಟರ್ ಜಾರಿ ಬರುವಷ್ಟರಲ್ಲಿ ಕಟ್ಟಿನ ವೇಗ ಲಾರಿಗಿಂತ ಗಂಟೆಗೆ ಸುಮಾರು 18 ಕಿ.ಮೀ. ಹೆಚ್ಚಾಗಿರುತ್ತದೆ. ಎರಡು ಟನ್ ಉಕ್ಕು ಆ ವೇಗದಲ್ಲಿ ಬಡಿದರೆ ಮುಂಗೋಡೆ ಬಾಗದೆ ಇನ್ನೇನಾದೀತು. ಅದೇ ಸಂದು 10 ಸೆಂಟಿಮೀಟರ್ ಇದ್ದಿದ್ದರೆ ಗಂಟೆಗೆ ನಾಲ್ಕು ಕಿ.ಮೀ.ಯೂ ಇರುತ್ತಿರಲಿಲ್ಲ. ಆದ್ದರಿಂದ ಮೊದಲು ನೋಡಬೇಕಾದ್ದು ಇಳಿಸುವ ಸರದಿ: ಮುಂಗೋಡೆಗೆ ತಾಗಿರುವುದು ಕೊನೆಗೆ ಇಳಿಯುವ ಸರಕಾಗಿರಲಿ. ಅದು ಆಗದಿದ್ದರೆ ಮುಂದಿನದು ಇಳಿದ ಕೂಡಲೇ ಕ್ರೇನು ಅಲ್ಲಿಂದ ಕದಲುವ ಮೊದಲೇ ಹಿಂದಿನ ಕಟ್ಟನ್ನು ಮುಂದಕ್ಕೆ ಸರಿಸಿ ಇಡಿಸಿ. ಮುಂದಿನ ಆಕ್ಸಲ್ ಮೇಲೆ ಭಾರ ಹೆಚ್ಚಾಗುತ್ತದೆಂದು ಸಂದು ಬಿಡಬೇಕಾಗಿ ಬಂದರೆ, ಮುಂಗೋಡೆಯಿಂದ ಕಟ್ಟಿನ ತನಕ ಗಟ್ಟಿ ಮರದ ಚೌಕಟ್ಟು ಕೊಟ್ಟು ತುಂಬಿ. ಸಡಿಲ ತುಂಡುಗಳನ್ನು ಎಸೆದರೆ ಅದು ತಡೆ ಆಗುವುದಿಲ್ಲ.

ಇನ್ನೊಂದು ದಾರಿಯೂ ಇದೆ, ಬಹಳ ಮಂದಿ ಬಳಸುವುದಿಲ್ಲ. ಕಟ್ಟಿನ ಮೂತಿಗೆ ಅಡ್ಡಲಾಗಿ ಒಂದು ದಪ್ಪ ಹಲಗೆ ನಿಲ್ಲಿಸಿ, ಅದರ ಮುಂದಿನಿಂದ ಬೆಲ್ಟು ಹಾಯಿಸಿ, ಎರಡೂ ತುದಿಯನ್ನು ಹಿಂದಕ್ಕೆ ಎಳೆದು ಬದಿಯ ಕೊಕ್ಕೆಗಳಿಗೆ ಬಿಗಿಯಿರಿ. ಹಲಗೆ ಜಾರಿ ಕೆಳಗಿಳಿಯದಂತೆ, ಬೆಲ್ಟು ಅದರ ಮೇಲಿಂದ ಹಾರದಂತೆ ನೋಡಿಕೊಳ್ಳಿ. ಕಟ್ಟು ಮುಂದೆ ಬರಲು ನೋಡಿದರೆ ಬೆಲ್ಟನ್ನೇ ನೇರವಾಗಿ ಎಳೆಯಬೇಕಾಗುತ್ತದೆ. ಆಗ ಕೆಲಸಕ್ಕೆ ಬರುವುದು 300 ಅಲ್ಲ, 2,500. ಕೋನದ ಕಡಿತ ಕಳೆದರೂ ತಡೆ ಟನ್ನಿನ ಲೆಕ್ಕದಲ್ಲಿರುತ್ತದೆ, ಬದಿಯ ಕೊಕ್ಕೆಗಳೂ ಅಷ್ಟು ತಾಳುವಂಥವಾಗಿರಬೇಕು. ಶೀಟಿನ ಅಂಚು ಬ್ಲೇಡಿನಂತೆ ಇರುವುದರಿಂದ ಬೆಲ್ಟು ತಾಗುವ ಪ್ರತಿ ಮೂಲೆಗೂ ಮೂಲೆಗಾಪು ಕಡ್ಡಾಯ. ರಟ್ಟು ಮಡಚಿ ಇಟ್ಟರೆ ಕಂಪನಕ್ಕೆ ಕೆಲವೇ ಕಿಲೋಮೀಟರಿನಲ್ಲಿ ತುಂಡಾಗುತ್ತದೆ.

ಪೈಪಿನ ಕಟ್ಟಿನ ರೋಗ ಬೇರೆ. ಮೇಲಿಂದ ಹಾಯ್ದ ಬೆಲ್ಟು ಹೊರಗಿನ ಪೈಪುಗಳನ್ನು ಒತ್ತುತ್ತದೆ, ಕಟ್ಟಿನ ಹೊಟ್ಟೆಯಲ್ಲಿರುವವುಗಳಿಗೆ ಆ ಒತ್ತಡ ಸರಿಯಾಗಿ ತಲುಪುವುದಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಉಕ್ಕಿನ ಪಟ್ಟಿ ಎತ್ತಿ ಇಳಿಸುವಾಗ ಕಟ್ಟು ಚದುರದಿರಲಿ ಎಂದು ಇರುವುದು, ಅದನ್ನು ನಂಬಬೇಡಿ. ಪ್ರತಿ ಕಟ್ಟಿಗೂ ಕನಿಷ್ಠ ಎರಡು ಕಡೆ ಬೆಲ್ಟನ್ನು ಪೂರ್ತಿ ಒಂದು ಸುತ್ತು ಸುತ್ತಿ, ಹೊಟ್ಟೆ ಹಿಂಡುವ ಹಾಗೆ ಬಿಗಿಯಿರಿ. ಸುತ್ತಿದರೂ ನಡುವಿನವು ಜಾರುವ ಅಪಾಯ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕಟ್ಟಿನ ಇಡೀ ಮೂತಿ ಮುಚ್ಚುವಂತೆ ದಪ್ಪ ಹಲಗೆ ಇಟ್ಟು, ಅದು ಮುಂಗೋಡೆಗೆ ಒರಗಿರಲಿ. ಮುಂಗೋಡೆಗಿಂತ ಎತ್ತರಕ್ಕೆ ಪೈಪು ಪೇರಿಸಲೇಬಾರದು. ಒಂದು ಗೇಣಷ್ಟೇ ತಾನೇ ಎಂದು ಬಿಟ್ಟದ್ದರಿಂದಲೇ ಆ ದಿನ ಗಾಜು ಒಡೆದದ್ದು.

ಮರದ ತುಂಡುಗಳು ಒಂದರ ನೇರಕ್ಕೆ ಒಂದು, ಕಂಬದ ಹಾಗೆ ಬರಬೇಕು. ಬೆಲ್ಟು ಹಾಯುವುದೂ ಅದೇ ನೇರದಲ್ಲಿ. ನೇರ ತಪ್ಪಿದರೆ ನಡುವಿನ ಸರಕು ಬಾಗುತ್ತದೆ, ಬಾಗಿದಷ್ಟೂ ಬೆಲ್ಟು ಸಡಿಲ. 100×50 ಮಿ.ಮೀ. ಮರದ ತುಂಡನ್ನು ಅಗಲದ ಮೇಲೆ ಮಲಗಿಸಿ, ನಿಲ್ಲಿಸಿದರೆ ಬ್ರೇಕಿಗೆ ಉರುಳುತ್ತದೆ. ವೈರಿನ ಸುರುಳಿ ಉರುಳುವಂತೆ ನಿಲ್ಲಿಸಿದ್ದರೆ ಎರಡೂ ಕಡೆ ಬೆಣೆ ಹೊಡೆಯಿರಿ, ಸುರುಳಿಗಳ ಕಣ್ಣಿನೊಳಗಿಂದ ಬೆಲ್ಟು ಪೋಣಿಸಿ.

ಲೇಬಲ್ ಇಲ್ಲದ ಬೆಲ್ಟು, ಅಂಚು ಕುಯ್ದ ಬೆಲ್ಟು, ಗಂಟು ಹಾಕಿದ ಬೆಲ್ಟು ಲೋಡಿನ ಹತ್ತಿರವೂ ಬರಬಾರದು. ರ‍್ಯಾಚೆಟ್ಟಿನ ಉರುಳೆಯ ಮೇಲೆ ಒಂದೂವರೆ ಸುತ್ತಿಗಿಂತ ಕಡಿಮೆ ಇದ್ದರೆ ಜಾರುತ್ತದೆ, ಮೂರು ಸುತ್ತು ಮೀರಿದರೆ ಸಿಕ್ಕಿಕೊಳ್ಳುತ್ತದೆ. ಹಿಡಿಗೆ ಪೈಪು ಸಿಕ್ಕಿಸಿ ಬಿಗಿಯುವುದು ಬೇಡವೇ ಬೇಡ, ರ‍್ಯಾಚೆಟ್ಟು ಮುರಿದರೆ ಆ ಪೈಪು ಮುಖಕ್ಕೆ ಬರುತ್ತದೆ. ಇಳಿಸುವ ಜಾಗದಲ್ಲೂ ಬೆಲ್ಟು ಬಿಚ್ಚುವ ಮೊದಲು ಎರಡೂ ಬದಿ ಸುತ್ತಿ ನೋಡಿ. ಪೈಪು ಬದಿಗೆ ಒರಗಿದ್ದರೆ, ಕ್ರೇನಿನ ಸ್ಲಿಂಗು ಹಿಡಿದ ಮೇಲೆಯೇ ಬಿಚ್ಚಬೇಕು, ಅದೂ ಆ ಬದಿಯಲ್ಲಿ ಯಾರೂ ಇಲ್ಲದಾಗ.

ಹೊರಡುವ ಮುಂಚೆ ಒಂದು ಸೀಮೆಸುಣ್ಣ ತೆಗೆದುಕೊಳ್ಳಿ. ಲೋಡಿನ ಬದಿಯಲ್ಲಿ ಹಾಸಿನಿಂದ ಮೇಲಿನ ಕಟ್ಟಿನ ತನಕ ಎಲ್ಲ ಪದರಗಳನ್ನೂ ಹಾದು ನೆಟ್ಟಗೆ ಒಂದು ಗೆರೆ ಎಳೆಯಿರಿ. ಪೈಪಿನ ಕಟ್ಟಿನ ಹಿಂದಿನ ಮೂತಿ ಸಮನಾಗಿದೆಯೇ ಎಂದು ಅಂಗೈ ಆಡಿಸಿ ನೋಡಿ. ಹತ್ತು ಹದಿನೈದು ಕಿಲೋಮೀಟರ್ ಹೋಗಿ ನಿಲ್ಲಿಸಿ, ಸರಕು ಕೂತುಕೊಂಡಿರುತ್ತದೆ, ಬೆಲ್ಟು ಸಡಿಲಾಗಿರುತ್ತದೆ, ಮತ್ತೆ ಬಿಗಿಯಿರಿ. ಪ್ರತಿ ಡೆಲಿವರಿಯ ನಂತರ ಗೆರೆ ನೋಡಿ. ಗೆರೆ ಎಲ್ಲಾದರೂ ಮುರಿದಿದ್ದರೆ, ಪೈಪಿನ ಮೂತಿಯಲ್ಲಿ ನಡುವೆ ಬೆರಳು ಹೋಗುವಷ್ಟು ಗುಳಿ ಬಿದ್ದಿದ್ದರೆ, ಬೆಲ್ಟು ಇನ್ನೆರಡು ಹಲ್ಲು ಬಿಗಿದು ಹೊರಡಬೇಡಿ. ಆ ಪದರ ಆಗಲೇ ಜಾರಲು ಶುರುವಾಗಿದೆ. ಮುಂದೆ ಎಷ್ಟೇ ಡೆಲಿವರಿ ಕಾಯುತ್ತಿದ್ದರೂ ಅಲ್ಲಿಯೇ ಕ್ರೇನು ಕರೆಸಿ, ಆ ಕಟ್ಟನ್ನು ಎತ್ತಿಸಿ, ಕೆಳಗೆ ಮ್ಯಾಟು ಹಾಸಿ ಇಡಿಸಿ.